ಒಂದು ಕಾರಿನ ಸ್ಪ್ರಿಂಗು ಇನ್ನೊಂದಕ್ಕೆ ಒಗ್ಗುವುದೇ?

ಕೊಪ್ಪಳ ಜಿಲ್ಲೆಯ ಕಾರಟಗಿ ಭತ್ತದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವು ಇಲ್ಲಿನ ಗಿರಣಿಗಳಿಗೆ ಬಂದು, ಅಕ್ಕಿಯಾಗಿ ದೂರದ ಊರುಗಳಿಗೆ ಹೊರಡುತ್ತದೆ. ಗಿರಣಿಯ ದಾರಿಯಲ್ಲಿ ನಿಂತು ನೋಡಿದವರಿಗೆ ಒಂದು ಸಂಗತಿ ಕಾಣದೆ ಇರದು. ಖಾಲಿ ಲಾರಿ ಬರುವಾಗ ರಸ್ತೆಯ ಚಿಕ್ಕ ತಗ್ಗಿಗೂ ಅದರ ಹಿಂಭಾಗ ಎಗರಿ ಬೀಳುತ್ತದೆ. ಹಲಗೆಗಳೂ ಸರಪಳಿಗಳೂ ಗಡಗಡನೆ ಸದ್ದು ಮಾಡುತ್ತವೆ. ಅದೇ ಲಾರಿ ಅಕ್ಕಿಯ ಚೀಲಗಳನ್ನು ಹೇರಿಕೊಂಡು ಹಿಂತಿರುಗುವಾಗ ಅದೇ ತಗ್ಗನ್ನು ಮೆಲ್ಲಗೆ ತೂಗುತ್ತ ದಾಟಿಹೋಗುತ್ತದೆ. ರಸ್ತೆ ಬದಲಾಗಲಿಲ್ಲ, ಅಚ್ಚಿನ ಮೇಲಿನ ಕಮಾನು ಪಟ್ಟಿಗಳೂ ಬದಲಾಗಲಿಲ್ಲ. ಬದಲಾದದ್ದು ಭಾರ ಮಾತ್ರ.

ಹಾಗಾದರೆ ಲಾರಿಯ ಸ್ಪ್ರಿಂಗು ಒರಟೋ, ಮೃದುವೋ? ಸ್ಪ್ರಿಂಗನ್ನು ಮಾತ್ರ ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಅದರ ಮೇಲೆ ಎಷ್ಟು ಭಾರವಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಮುಂದೆ ನಾವು ನೋಡಲಿರುವಂತೆ, ಅದು ಎಲ್ಲಿ ಕುಳಿತಿದೆ, ಅದರ ಜೊತೆಗಾರರು ಯಾರು ಎಂಬುದನ್ನೂ ಹೇಳಬೇಕು.

ಇದು ಕೇವಲ ತರ್ಕದ ಮಾತಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಇಟ್ಟುಕೊಂಡವರು ಮೂಲ ಬಿಡಿಭಾಗಗಳು ದೊರೆಯದೆ ಬೇರೆ ಕಾರಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಅಚ್ಚು ಮೊದಲಾದವನ್ನು ಜೋಡಿಸುವುದು ಪ್ರಪಂಚದ ಎಲ್ಲೆಡೆ ನಡೆದಿರುವ ಕೆಲಸ. ಅಂಥ ಕಾರು ಕಾರಟಗಿಯ ರಸ್ತೆಗೆ ಅಪರೂಪದ ಅತಿಥಿಯೇ ಸರಿ. ಆದರೆ ಹಳೆಯ ಜೀಪಿಗೆ, ಟ್ರ್ಯಾಕ್ಟರಿನ ಟ್ರೇಲರಿಗೆ, ಮನೆಯಲ್ಲಿ ಉಳಿದಿರುವ ಹಳೆಯ ಕಾರಿಗೆ ಇನ್ನೊಂದು ವಾಹನದ ಭಾಗ ಹಾಕಬಹುದೇ ಎಂಬ ಪ್ರಶ್ನೆ ಯಾವ ಊರಿನ ಕಾರ್ಖಾನೆಯಲ್ಲಾದರೂ ಏಳುತ್ತದೆ. ಲೆಕ್ಕ ಎಲ್ಲಕ್ಕೂ ಒಂದೇ. ಸ್ಪೋರ್ಟ್ಸ್ ಕಾರಿನಲ್ಲಿ ವೇಗ ಹೆಚ್ಚಾದುದರಿಂದ ತಪ್ಪು ಬೇಗ ಬಯಲಾಗುತ್ತದೆ, ಅಷ್ಟೆ.

ಎರವಲು ಹೊಸದಲ್ಲ

ಎರವಲು ಭಾಗಗಳನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಪ್ರಸಿದ್ಧವಾದ ಅನೇಕ ಸ್ಪೋರ್ಟ್ಸ್ ಕಾರುಗಳು ಹುಟ್ಟಿದ್ದೇ ಎರವಲಿನಿಂದ. 1958ರಲ್ಲಿ ಹೊರಬಂದ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಪುಟ್ಟ ಕಾರಿಗೆ ಎಂಜಿನ್ನೂ ಮುಂಗಾಲಿಗಳ ಸಸ್ಪೆನ್ಷನ್ನೂ ಆಸ್ಟಿನ್ ಎ-35 ಎಂಬ ಸಾಧಾರಣ ಕುಟುಂಬದ ಕಾರಿನಿಂದ ಬಂದವು. ಸ್ಟಿಯರಿಂಗ್ ಏರ್ಪಾಡು ಮಾರಿಸ್ ಮೈನರ್ ಕಾರಿನಿಂದ ಬಂದಿತು. 1962ರ ಟ್ರಯಂಫ್ ಸ್ಪಿಟ್‌ಫೈರ್ ಕಾರು ಅದೇ ಸಂಸ್ಥೆಯ ಹೆರಾಲ್ಡ್ ಕಾರಿನ ಅಂಗಾಂಗಗಳ ಮೇಲೆ ನಿಂತಿತು. ಅದೇ ವರ್ಷದ ಲೋಟಸ್ ಎಲಾನ್ ಕೂಡ ಮುಂಗಾಲಿಯನ್ನು ಹಿಡಿದು ನಿಲ್ಲಿಸುವ ಕಂಬವನ್ನು ಟ್ರಯಂಫ್ ವಂಶದಿಂದ ಪಡೆಯಿತು.

ಹೆರಾಲ್ಡ್ ಕಾರು ನಮ್ಮ ದೇಶಕ್ಕೆ ಅಪರಿಚಿತವಲ್ಲ. 1961ರಿಂದ ಮದರಾಸಿನಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂಬ ಹೆಸರಿನಿಂದ ತಯಾರಾಗಿ, ಕರ್ನಾಟಕದ ರಸ್ತೆಗಳಲ್ಲಿಯೂ ಓಡಾಡಿದ ಕಾರು ಅದು. ಅದರ ಕಥೆಗೆ ನಾವು ಮತ್ತೆ ಬರುತ್ತೇವೆ. ಮೇಲಿನ ಕಾರುಗಳ ವಿನ್ಯಾಸಕಾರರು ಭಾಗವನ್ನು ಎರವಲು ತಂದರು, ಆದರೆ ಲೆಕ್ಕವನ್ನು ಎರವಲು ತರಲಿಲ್ಲ. ಹೊಸ ಕಾರಿಗೆ ಹೊಸದಾಗಿ ಮಾಡಿದರು. ಆ ಲೆಕ್ಕದ ಮೆಟ್ಟಿಲುಗಳನ್ನು ಒಂದೊಂದಾಗಿ ಏರೋಣ.

ಭಾರ ಮತ್ತು ಬಿಗಿತ

ಸ್ಪ್ರಿಂಗನ್ನು ಒಂದು ಮಿಲಿಮೀಟರಿನಷ್ಟು ಕುಗ್ಗಿಸಲು ಎಷ್ಟು ಬಲ ಬೇಕೋ ಅದೇ ಅದರ ಬಿಗಿತ. ಕಾರಿನ ಒಂದು ಗಾಲಿಯ ಪಾಲಿಗೆ 200 ಕಿಲೋಗ್ರಾಂ ದ್ರವ್ಯರಾಶಿಯೂ, ಗಾಲಿಯ ಬಳಿ ಅಳೆದಾಗ ಮಿಲಿಮೀಟರಿಗೆ 20 ನ್ಯೂಟನ್ ಬಿಗಿತವೂ ಇವೆಯೆಂದು ಇಟ್ಟುಕೊಳ್ಳೋಣ. 200 ಕಿಲೋಗ್ರಾಮಿನ ತೂಕ 1962 ನ್ಯೂಟನ್. ಇದನ್ನು 20ರಿಂದ ಭಾಗಿಸಿದರೆ ಸುಮಾರು 98 ಮಿಲಿಮೀಟರು, ಎಂದರೆ 9.8 ಸೆಂಟಿಮೀಟರು ಬರುತ್ತದೆ. ಕಾರು ನಿಂತಲ್ಲಿಯೇ ತನ್ನ ತೂಕದಿಂದ ಇಷ್ಟು ಕುಸಿದಿರುತ್ತದೆ.

ಈ ಕುಸಿತವೊಂದನ್ನು ತಿಳಿದರೆ ಕಾರು ಎಷ್ಟು ಬೇಗ ತೂಗಾಡುತ್ತದೆ ಎಂಬುದೂ ತಿಳಿಯುತ್ತದೆ. ಕುಸಿತವನ್ನು ಸೆಂಟಿಮೀಟರುಗಳಲ್ಲಿ ಬರೆದು, ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ತೂಗಾಟ ಎಂಬ ಸಂಖ್ಯೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 1.6. ಸಾಧಾರಣ ಕಾರುಗಳಲ್ಲಿ ಸೆಕೆಂಡಿಗೆ ಒಂದರಿಂದ ಒಂದೂವರೆ ತೂಗಾಟ ಮೈಗೆ ಹಿತವೆನಿಸುತ್ತದೆ; ಸ್ಪೋರ್ಟ್ಸ್ ಕಾರುಗಳಲ್ಲಿ ಅದಕ್ಕಿಂತ ತುಸು ಹೆಚ್ಚನ್ನು ಸಹಿಸುತ್ತಾರೆ.

ಲಾರಿಯ ಒಗಟು ಈಗ ಬಿಡಿಸಿತು. ತೂಗಾಟದ ವೇಗವು ಬಿಗಿತವನ್ನು ದ್ರವ್ಯರಾಶಿಯಿಂದ ಭಾಗಿಸಿದ ಮೊತ್ತದ ವರ್ಗಮೂಲವನ್ನು ಅನುಸರಿಸುತ್ತದೆ. ಹಿಂದಿನ ಸ್ಪ್ರಿಂಗುಗಳ ಮೇಲಿನ ದ್ರವ್ಯರಾಶಿ ನಾಲ್ಕು ಪಟ್ಟಾದರೆ ತೂಗಾಟ ಅರ್ಧಕ್ಕೆ ಇಳಿಯುತ್ತದೆ. ಭಾರವಾದ ಕಾರಿನ ಸ್ಪ್ರಿಂಗನ್ನು ಹಗುರವಾದ ಸ್ಪೋರ್ಟ್ಸ್ ಕಾರಿಗೆ ಹಾಕಿದವನು ಖಾಲಿ ಲಾರಿಯನ್ನು ಓಡಿಸಿದಂತೆಯೇ ಸರಿ. ‘ಇದು ಗಟ್ಟಿಮುಟ್ಟಾದದ್ದು, ಆದುದರಿಂದ ಒಳ್ಳೆಯದು’ ಎಂಬ ವಾದ ಇಲ್ಲಿ ಸಲ್ಲುವುದಿಲ್ಲ.

ಬಿಗಿತವನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಸಮನೆಲದಲ್ಲಿ ನಿಂತ ಕಾರಿನ ಹಿಂಗಾಲಿಗಳ ನೇರಕ್ಕೆ, ಎಡಕ್ಕೊಂದು ಬಲಕ್ಕೊಂದರಂತೆ 50 ಕಿಲೋಗ್ರಾಮಿನ ಎರಡು ಅಕ್ಕಿಯ ಚೀಲಗಳನ್ನು ಇಡಿ. ಇಡುವ ಮೊದಲೂ ಇಟ್ಟ ಮೇಲೂ ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಅಳೆಯಿರಿ. ಪ್ರತಿ ಗಾಲಿಯ ಪಾಲಿಗೆ ಬಂದ ಹೆಚ್ಚಿನ ಬಲ 490 ನ್ಯೂಟನ್. ಎತ್ತರ 24.5 ಮಿಲಿಮೀಟರು ಕಡಿಮೆಯಾದರೆ ಬಿಗಿತ 20 ಎಂದಾಯಿತು. ಚೀಲ ಇಡುವ ಮೊದಲೂ ಇಟ್ಟ ಮೇಲೂ ಕಾರನ್ನು ಎರಡು ಮೂರು ಸಲ ಅದುಮಿ ಬಿಟ್ಟು ಅಳೆದರೆ ಪಟ್ಟಿಗಳ ತಿಕ್ಕಾಟದಿಂದ ಬರುವ ದೋಷ ತಗ್ಗುತ್ತದೆ.

ಸನ್ನೆಯ ಆಟ

ಮೇಲೆ ನಾವು ‘ಗಾಲಿಯ ಬಳಿ ಅಳೆದಾಗ’ ಎಂದು ಹೇಳಿದ್ದಕ್ಕೆ ಕಾರಣವಿದೆ. ಸುರುಳಿ ಸ್ಪ್ರಿಂಗು ಸಾಮಾನ್ಯವಾಗಿ ಗಾಲಿಯ ಮೇಲೆ ನೇರವಾಗಿ ಕುಳಿತಿರುವುದಿಲ್ಲ. ಚಾಸಿಗೆ ಕೀಲಿಸಿದ ಒಂದು ತೋಳಿನ ತುದಿಯಲ್ಲಿ ಗಾಲಿಯಿರುತ್ತದೆ. ಆ ತೋಳಿನ ನಡುವೆ ಎಲ್ಲಿಯೋ ಸ್ಪ್ರಿಂಗು ಕುಳಿತಿರುತ್ತದೆ. ಇದು ನಾವು ಪಾಠದಲ್ಲಿ ಓದಿದ ಸನ್ನೆಯೇ.

ಸ್ಪ್ರಿಂಗು ತೋಳಿನ ಸರಿಮಧ್ಯದಲ್ಲಿದ್ದರೆ ಗಾಲಿ 10 ಸೆಂಟಿಮೀಟರು ಏರಿದಾಗ ಸ್ಪ್ರಿಂಗು 5 ಸೆಂಟಿಮೀಟರು ಮಾತ್ರ ಕುಗ್ಗುತ್ತದೆ. ಅಲ್ಲಿಗೆ ಬಲ ಅರ್ಧವಾಯಿತು. ಆ ಬಲವೂ ಸನ್ನೆಯ ಮೂಲಕ ಗಾಲಿಗೆ ತಲುಪುವಾಗ ಮತ್ತೆ ಅರ್ಧವಾಗುತ್ತದೆ. ಹೀಗೆ ಎರಡು ಸಲ ಅರ್ಧವಾಗಿ, ಸ್ಪ್ರಿಂಗಿನ ಬಿಗಿತದ ಕಾಲುಭಾಗ ಮಾತ್ರ ಗಾಲಿಗೆ ದಕ್ಕುತ್ತದೆ. ಮಿಲಿಮೀಟರಿಗೆ 80 ನ್ಯೂಟನ್ ಬಿಗಿತದ ಸ್ಪ್ರಿಂಗು ಗಾಲಿಯ ಬಳಿ 20 ಆಗಿ ತೋರುವುದು ಈ ಕಾರಣದಿಂದ.

ಈಗ ಅದೇ 80ರ ಸ್ಪ್ರಿಂಗನ್ನು ಇನ್ನೊಂದು ಕಾರಿಗೆ ಹಾಕೋಣ. ಅಲ್ಲಿ ಗಾಲಿಯ ಪಾಲಿನ ದ್ರವ್ಯರಾಶಿ ಅದೇ 200 ಕಿಲೋಗ್ರಾಂ. ಆದರೆ ಸ್ಪ್ರಿಂಗಿನ ಪೀಠ ತೋಳಿನ ಮುಕ್ಕಾಲು ಉದ್ದದಲ್ಲಿದೆ. ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸಿದರೆ ಹದಿನಾರರಲ್ಲಿ ಒಂಬತ್ತು ಪಾಲು. ಗಾಲಿಯ ಬಳಿಯ ಬಿಗಿತ 45 ಆಯಿತು! ಸ್ಪ್ರಿಂಗು ಒಂದೇ, ಭಾರವೂ ಒಂದೇ, ಆದರೂ ಬಿಗಿತ ಎರಡು ಪಟ್ಟಿಗೂ ಹೆಚ್ಚು. ಕುಸಿತ 9.8ರಿಂದ ಸುಮಾರು 4.4 ಸೆಂಟಿಮೀಟರಿಗೆ ಇಳಿಯಿತು. ತೂಗಾಟ ಸೆಕೆಂಡಿಗೆ 1.6ರಿಂದ 2.4ಕ್ಕೆ ಏರಿತು. ಉಳಿದ ಅಳತೆಗಳೆಲ್ಲ ಒಂದೇ ಆಗಿದ್ದರೆ ಕಾರು ನೆಲದಿಂದ 5.4 ಸೆಂಟಿಮೀಟರು ಎತ್ತರಕ್ಕೆ ನಿಂತೀತು. ಈ 5.4ನ್ನು ವಾಚಕರು ನೆನಪಿನಲ್ಲಿಡಬೇಕು.

ಇದರ ಪರಿಣಾಮ ರಸ್ತೆಯ ಮೇಲೆ ಹೇಗೆ ಕಾಣುತ್ತದೆ? ಕಾರಟಗಿ, ಗಂಗಾವತಿ ಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗಿ ಬಿರಿಯುವಂಥದು. ಅಂಥ ನೆಲದ ಮೇಲೆ ಹಾಸಿದ ರಸ್ತೆ ಕಾಲಕ್ರಮದಲ್ಲಿ ಅಲೆಅಲೆಯಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ 16.7 ಮೀಟರು ಸಾಗುತ್ತದೆ. ಮೊದಲಿನ ಕಾರನ್ನು ಅದರ ಸ್ವಂತ ತಾಳಕ್ಕೆ ಸರಿಯಾಗಿ ಕುಣಿಸುವ ಅಲೆಯ ಉದ್ದ ಸುಮಾರು 10.5 ಮೀಟರು, ಎರಡನೆಯದಕ್ಕೆ 7 ಮೀಟರು. ಉಯ್ಯಾಲೆಯನ್ನು ಅದರ ತಾಳಕ್ಕೆ ತಕ್ಕಂತೆ ನೂಕಿದರೆ ಹೇಗೆ ಜೀಕು ಬೆಳೆಯುತ್ತದೆಯೋ, ಹಾಗೆಯೇ ಕಾರಿನ ತೂಗಾಟವೂ ಬೆಳೆಯುತ್ತದೆ. ಅದನ್ನು ತಡೆಯುವವರು ಯಾರು?

ತೂಗಾಟವನ್ನು ತಣಿಸುವುದು

ಆ ಕೆಲಸ ಶಾಕ್ ಅಬ್ಸಾರ್ಬರಿನದು. ಆಘಾತವನ್ನು ತಾಳುವುದು ನಿಜವಾಗಿ ಸ್ಪ್ರಿಂಗು. ಶಾಕ್ ಅಬ್ಸಾರ್ಬರಾದರೋ ಎಣ್ಣೆಯನ್ನು ಕಿರಿದಾದ ಕಂಡಿಗಳ ಮೂಲಕ ನೂಕಿ, ತೂಗಾಟದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಇದಕ್ಕೆ ಅವಮಂದನ ಎನ್ನುತ್ತೇವೆ.

ಒಮ್ಮೆ ಅದುಮಿ ಬಿಟ್ಟ ಕಾರು ಸ್ವಲ್ಪವೂ ತೂಗಾಡದೆ ತನ್ನ ಸ್ಥಾನಕ್ಕೆ ಬಂದು ನಿಲ್ಲಲು ಬೇಕಾದ ಕನಿಷ್ಠ ಅವಮಂದನಕ್ಕೆ ಸಂಧಿ ಅವಮಂದನವೆಂದು ಹೆಸರು. ಬಿಗಿತವನ್ನೂ ದ್ರವ್ಯರಾಶಿಯನ್ನೂ ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಅದು ದೊರೆಯುತ್ತದೆ. ಬಿಗಿತ 20 ಇದ್ದಾಗ, ಎಂದರೆ ಮೀಟರಿಗೆ 20,000 ನ್ಯೂಟನ್ ಇದ್ದಾಗ, ಅದು ಸೆಕೆಂಡಿಗೆ ಒಂದು ಮೀಟರು ವೇಗಕ್ಕೆ 4,000 ನ್ಯೂಟನ್. ಕಾರುಗಳಲ್ಲಿ ಇದರ ಸುಮಾರು ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಇಡುವುದು ವಾಡಿಕೆ. ಹೆಚ್ಚಾದರೆ ಪ್ರತಿ ಕಲ್ಲೂ ಬೆನ್ನಿಗೆ ಬಡಿಯುತ್ತದೆ. ನಮ್ಮ ಕಾರಿನಲ್ಲಿ 1,200 ಇದೆಯೆನ್ನೋಣ. ಸಂಧಿಮೌಲ್ಯದ 0.3 ಪಾಲು. ಒಂದು ಪೂರ್ಣ ತೂಗಾಟ ಮುಗಿಯುವುದರಲ್ಲಿ ಜೀಕು ಏಳನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ಬಿಗಿತವನ್ನು 45ಕ್ಕೆ ಏರಿಸಿದೊಡನೆ ಸಂಧಿಮೌಲ್ಯ 6,000ಕ್ಕೆ ಏರುತ್ತದೆ. ಶಾಕ್ ಅಬ್ಸಾರ್ಬರು ಹಳೆಯದೇ ಆದರೆ ಅದರ 1,200 ಈಗ ಕೇವಲ 0.2 ಪಾಲು. ಒಂದು ತೂಗಾಟದ ಕೊನೆಗೆ ಉಳಿಯುವ ಜೀಕು ಕಾಲುಭಾಗಕ್ಕಿಂತಲೂ ಹೆಚ್ಚು. ಶಾಕ್ ಅಬ್ಸಾರ್ಬರು ಹಾಳಾಗಿಲ್ಲ. ಅದರ ಜೊತೆಗಾರ ಬದಲಾದುದರಿಂದ ಅದು ದುರ್ಬಲವಾಯಿತು.

ಇನ್ನು ಕೆಲವು ಭಾಗಗಳಿಗೆ ಎರಡೆರಡು ಕೆಲಸಗಳಿರುತ್ತವೆ. 1962ರ ಎಂಜಿಬಿ ಕಾರಿನ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರಿನ ಕೈಯೇ ಗಾಲಿಯನ್ನು ಹಿಡಿಯುವ ಮೇಲಿನ ತೋಳೂ ಆಗಿದೆ. ಅದನ್ನು ಕಿತ್ತು ಇಂದಿನ ಕೊಳವೆಯ ಮಾದರಿಯ ಶಾಕ್ ಅಬ್ಸಾರ್ಬರನ್ನು ಹಾಕುವವನು ತೋಳಿನ ಕೆಲಸವನ್ನು ಯಾರಿಗೆ ವಹಿಸುವುದೆಂದು ಮೊದಲೇ ಯೋಚಿಸಿರಬೇಕು. ಈಗಿನ ಬಹಳಷ್ಟು ಕಾರುಗಳ ಮುಂಭಾಗದಲ್ಲಿರುವ ಮ್ಯಾಕ್‌ಫರ್ಸನ್ ಕಂಬವಂತೂ ಏಕಕಾಲಕ್ಕೆ ಶಾಕ್ ಅಬ್ಸಾರ್ಬರು, ಸ್ಪ್ರಿಂಗಿನ ಪೀಠ, ಸ್ಟಿಯರಿಂಗಿನ ತಿರುಗುಗೂಟ ಮೂರೂ ಆಗಿರುತ್ತದೆ.

ಗಾಲಿ ನಡೆಯುವ ದಾರಿ

ಇದುವರೆಗೆ ಗಾಲಿ ನೇರವಾಗಿ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ ಎಂದು ಭಾವಿಸಿದೆವು. ಎಲ್ಲ ಕಾರುಗಳಲ್ಲಿಯೂ ಹಾಗಿಲ್ಲ. ಇಲ್ಲಿಯೇ ಹೆರಾಲ್ಡಿನ ಕಥೆ ನಮಗೆ ಬೇಕಾಗುತ್ತದೆ.

ಹೆರಾಲ್ಡಿನ ಹಿಂಭಾಗದಲ್ಲಿ ಒಂದೇ ಉದ್ದನೆಯ ಕಟ್ಟಚ್ಚು ಇಲ್ಲ. ನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆ ಚಾಸಿಗೆ ಬಿಗಿದಿದೆ. ಅದರ ಎರಡು ಪಕ್ಕಗಳಲ್ಲಿರುವ ಕೀಲುಗಳಿಂದ ಎರಡು ಅರೆ ಅಚ್ಚುಗಳು ರೆಕ್ಕೆಗಳಂತೆ ಚಾಚಿವೆ. ಅಡ್ಡಲಾಗಿ ಹಾಸಿದ ಒಂದು ಕಮಾನು ಪಟ್ಟಿಗಳ ಕಟ್ಟು ಎರಡನ್ನೂ ಅದುಮಿ ಹಿಡಿದಿದೆ. ಇದನ್ನು ಸ್ವಿಂಗ್ ಅಚ್ಚು ಎನ್ನುತ್ತಾರೆ. ಒಂದು ಗಾಲಿ ತಗ್ಗಿಗೆ ಇಳಿದರೆ ಇನ್ನೊಂದಕ್ಕೆ ಅದರ ಗೊಡವೆಯಿಲ್ಲ. ಇದು ಅದರ ಗುಣ. ಆದರೆ ಗಾಲಿ ಏರಿಳಿದಂತೆಲ್ಲ ಬಾಗಿಲಿನಂತೆ ಕೀಲಿನ ಸುತ್ತ ತಿರುಗಿ ಓರೆಯಾಗುತ್ತದೆ, ಇದು ದೋಷ.

ಈಗ ಒಬ್ಬನು ಹಳ್ಳಿಯ ರಸ್ತೆಗೆ ಅನುಕೂಲವಾಗಲೆಂದು ಇಂಥ ಕಾರಿನ ಹಿಂಭಾಗವನ್ನು ಎತ್ತರಿಸುತ್ತಾನೆ ಎನ್ನೋಣ. ಬೇರೆ ವಾಹನದ ಒಂದು ಪಟ್ಟಿಯನ್ನು ಕಟ್ಟಿಗೆ ಸೇರಿಸುವುದು ಸುಲಭವಾಗಿ ತೋರುವ ಉಪಾಯ. ಪಟ್ಟಿಯ ಬಿಗಿತ ಅದರ ದಪ್ಪದ ಘನವನ್ನು ಅನುಸರಿಸುತ್ತದೆ. 6 ಮಿಲಿಮೀಟರಿನ ಪಟ್ಟಿಯ ಬದಲು 7 ಮಿಲಿಮೀಟರಿನದಾದರೆ ಆ ಪಟ್ಟಿಯ ಬಿಗಿತ ಒಂದೂವರೆ ಪಟ್ಟಿಗೂ ಮೀರುತ್ತದೆ. ಕಾರು ನಾವು ನೆನಪಿಟ್ಟುಕೊಂಡ ಅದೇ 5.4 ಸೆಂಟಿಮೀಟರು ಮೇಲೇರಿತೆಂದು ಭಾವಿಸೋಣ. ಅರೆ ಅಚ್ಚಿನ ಉದ್ದ 50 ಸೆಂಟಿಮೀಟರು ಇದ್ದರೆ ಗಾಲಿ ಸುಮಾರು 6 ಅಂಶಗಳಷ್ಟು ಓರೆಯಾಗುತ್ತದೆ. ಎರಡೂ ಹಿಂಗಾಲಿಗಳ ಬುಡಗಳು ಒಳಕ್ಕೆ ಸರಿಯುತ್ತವೆ.

ನಿಂತ ಕಾರಿನಲ್ಲಿ ಇದು ನೋಟಕ್ಕೆ ವಿಚಿತ್ರ, ಅಷ್ಟೆ. ತಿರುವಿನಲ್ಲಿ ಅಪಾಯ. ತಿರುಗುವಾಗ ರಸ್ತೆಯು ಹೊರಗಾಲಿಯ ಬುಡವನ್ನು ಕಾರಿನ ಕಡೆಗೆ ನೂಕುತ್ತದೆ. ಬಾಗಿಲಿಗೆ ಓರೆಯಾಗಿ ಕೊಟ್ಟ ಊರೆಗೋಲಿನ ಬುಡವನ್ನು ಒಳಕ್ಕೆ ಒದ್ದರೆ ಅದರ ತಲೆ ಮೇಲಕ್ಕೆ ಏರುವುದಷ್ಟೆ? ಇಲ್ಲಿಯೂ ಹಾಗೆಯೇ. ಕೀಲು ನೆಲದಿಂದ 30 ಸೆಂಟಿಮೀಟರು ಎತ್ತರದಲ್ಲಿ, ಗಾಲಿಯ ಬುಡದಿಂದ 50 ಸೆಂಟಿಮೀಟರು ಒಳಗಡೆ ಇದ್ದರೆ, 1,000 ನ್ಯೂಟನ್ ಪಕ್ಕಬಲವು ಕಾರನ್ನು 600 ನ್ಯೂಟನ್ ಬಲದಿಂದ ಮೇಲಕ್ಕೆ ಎತ್ತುತ್ತದೆ. ಕೀಲನ್ನು 5.4 ಸೆಂಟಿಮೀಟರು ಎತ್ತರಿಸಿದರೆ ಅದು ಸುಮಾರು 700 ನ್ಯೂಟನ್ ಆಗುತ್ತದೆ. ಒಳಗಾಲಿಯು ಇದಕ್ಕೆ ವಿರುದ್ಧವಾಗಿ ಕೆಳಕ್ಕೆ ಎಳೆಯುವುದುಂಟು. ಆದರೆ ತಿರುವಿನಲ್ಲಿ ಭಾರವೆಲ್ಲ ಹೊರಗಾಲಿಯ ಮೇಲೆ ಬೀಳುವುದರಿಂದ ಗೆಲ್ಲುವುದು ಹೊರಗಾಲಿಯೇ. ಕಾರು ಎದ್ದಷ್ಟೂ ಗಾಲಿ ಇನ್ನಷ್ಟು ಒಳಕ್ಕೆ ಮಡಚುತ್ತದೆ. ಮಡಚಿದಷ್ಟೂ ಎತ್ತುವ ಬಲ ಹೆಚ್ಚುತ್ತದೆ. ಟೈರಿನ ಹಿಡಿತ ತಪ್ಪಿ ಕಾರಿನ ಹಿಂಭಾಗ ಹಠಾತ್ತನೆ ಹೊರಕ್ಕೆ ಜಾರುತ್ತದೆ. ಕೆಲವೊಮ್ಮೆ ಕಾರು ಮಗುಚುವುದೂ ಉಂಟು.

ಸ್ವಿಂಗ್ ಅಚ್ಚಿನ ಸುರಕ್ಷತೆ ಅಮೆರಿಕದಲ್ಲಿ ಸಾರ್ವಜನಿಕ ಚರ್ಚೆಯ ವಸ್ತುವಾಯಿತು. 1960ರಿಂದ 1963ರವರೆಗಿನ ಷೆವ್ರೊಲೆ ಕಾರ್ವೇರ್ ಕಾರುಗಳನ್ನು ರಾಲ್ಫ್ ನೇಡರ್ ಅವರು 1965ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದರು. ಆ ಕಾರು ತನ್ನ ಕಾಲದ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಾಗಿರಲಿಲ್ಲವೆಂದು 1972ರಲ್ಲಿ ಅಮೆರಿಕದ ಸರ್ಕಾರಿ ವರದಿ ಅಭಿಪ್ರಾಯಪಟ್ಟಿತು. ಆ ವಾದವೇನೇ ಇರಲಿ, ತಯಾರಕರು 1964ರಲ್ಲಿ ಗಾಲಿಯ ಓರೆಯನ್ನು ಹತೋಟಿಯಲ್ಲಿಡುವ ಸ್ಪ್ರಿಂಗನ್ನು ಸೇರಿಸಿ, 1965ರ ಮಾದರಿಯಲ್ಲಿ ಸ್ವಿಂಗ್ ಅಚ್ಚನ್ನು ಕೈಬಿಟ್ಟರು.

ಎರಡು ಪರಿಹಾರಗಳು

ಟ್ರಯಂಫ್ ಸಂಸ್ಥೆಯವರು 1970ರ ಸ್ಪಿಟ್‌ಫೈರ್ ಮಾರ್ಕ್ 4ರಲ್ಲಿ ಕಂಡುಕೊಂಡ ಪರಿಹಾರ ಸರಳವಾದುದು. ಅಡ್ಡ ಕಮಾನಿನ ಕೆಳಗಿನ ಪಟ್ಟಿಯೊಂದನ್ನು ಮಾತ್ರ ಪೆಟ್ಟಿಗೆಗೆ ಬಿಗಿದು, ಉಳಿದ ಪಟ್ಟಿಗಳು ನಡುವಿನಲ್ಲಿ ತಕ್ಕಡಿಯ ದಂಡದಂತೆ ಓಲಾಡಲು ಬಿಟ್ಟರು. ಎರಡು ಗಾಲಿಗಳೂ ಒಟ್ಟಿಗೆ ಏರಿದರೆ ಎಲ್ಲ ಪಟ್ಟಿಗಳೂ ಎದುರಿಸುತ್ತವೆ. ಕಾರು ಒಂದು ಪಕ್ಕಕ್ಕೆ ವಾಲಿದರೆ ಬಿಗಿದ ಪಟ್ಟಿಯೇ ಮುಖ್ಯವಾಗಿ ಎದುರಿಸುತ್ತದೆ. ಹೀಗೆ ವಾಲುವಿಕೆಯನ್ನು ತಡೆಯುವ ಕೆಲಸ ಹಿಂಭಾಗದಲ್ಲಿ ಕಡಿಮೆಯಾದುದರಿಂದ, ಅದನ್ನು ಮುಂಭಾಗಕ್ಕೆ ವಹಿಸಲು ಅಲ್ಲಿನ ಆಂಟಿ-ರೋಲ್ ಸರಳನ್ನು ದಪ್ಪಗೊಳಿಸಿದರು. ಹಳೆಯ ಸ್ಪಿಟ್‌ಫೈರ್ ಮತ್ತು ಹೆರಾಲ್ಡ್ ಕಾರುಗಳಿಗೆ ಈ ಹೊಸ ಕಮಾನನ್ನು ಎರವಲು ಹಾಕುವುದು ಹವ್ಯಾಸಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕಮಾನನ್ನು ತಂದು, ಮುಂದಿನ ದಪ್ಪ ಸರಳನ್ನು ತಾರದಿದ್ದರೆ ಕಾರು ತಿರುವಿನಲ್ಲಿ ಅತಿಯಾಗಿ ವಾಲುತ್ತದೆ. ಒಂದೇ ವಂಶದ ಕಾರುಗಳಲ್ಲಿಯೇ ಹೀಗಾದರೆ ಪರವಂಶದ ಭಾಗಗಳ ವಿಷಯ ಹೇಳಬೇಕೆ?

ಮದರಾಸಿನವರು ಬೇರೆ ದಾರಿ ಹಿಡಿದರು. ಸ್ವಿಂಗ್ ಅಚ್ಚು ಭಾರತದ ಕಾರು ಮಾಲೀಕರಿಗೂ ಮೇಸ್ತ್ರಿಗಳಿಗೂ ಮೆಚ್ಚುಗೆಯಾಗಿರಲಿಲ್ಲ. 1972ರಲ್ಲಿ ಹೊರಬಂದ ಸ್ಟ್ಯಾಂಡರ್ಡ್ ಗೆಝೆಲ್ ಕಾರಿನಲ್ಲಿ ಹೆರಾಲ್ಡಿನ 948 ಘನ ಸೆಂಟಿಮೀಟರಿನ ಎಂಜಿನ್ನನ್ನೇ ಉಳಿಸಿಕೊಂಡು, ಹಿಂದೆ ಸಾಂಪ್ರದಾಯಿಕ ಕಟ್ಟಚ್ಚನ್ನು ಅಳವಡಿಸಿದರು. ಕಟ್ಟಚ್ಚಿನಲ್ಲಿ ಗಾಲಿಗಳು ನೆಟ್ಟಗೆ ನಿಲ್ಲುತ್ತವೆ; ಎತ್ತುವ ಬಲದ ಕಾಟವಿಲ್ಲ. ಆದರೆ ಅದಕ್ಕೂ ಬೆಲೆಯಿದೆ. ಡಿಫರೆನ್ಷಿಯಲಿನ ಭಾರವೆಲ್ಲ ಸ್ಪ್ರಿಂಗಿನ ಕೆಳಕ್ಕೆ ಹೋಗಿ, ಗಾಲಿಗಳ ಜೊತೆಗೆ ತಾನೂ ಕುಣಿಯತೊಡಗುತ್ತದೆ. ಗಾಲಿಯ ಪಾಲಿಗೆ ಹೀಗೆ ಕುಣಿಯುವ ದ್ರವ್ಯರಾಶಿ 25ರಿಂದ 36 ಕಿಲೋಗ್ರಾಮಿಗೆ ಏರಿದರೆ, ಟೈರು ಮತ್ತು ಸ್ಪ್ರಿಂಗು ಸೇರಿ ಮಿಲಿಮೀಟರಿಗೆ 180 ನ್ಯೂಟನ್ ಬಿಗಿತವಿರುವಾಗ, ಗಾಲಿಯ ಕುಣಿತ ಸೆಕೆಂಡಿಗೆ 13.5ರಿಂದ 11ರ ಸುಮಾರಿಗೆ ಇಳಿಯುತ್ತದೆ. ಭಾರವಾದ ಗಾಲಿ ತಗ್ಗುದಿಣ್ಣೆಗಳನ್ನು ಅನುಸರಿಸಲು ತಡಮಾಡುತ್ತದೆ. ಟೈರು ನೆಲವನ್ನು ಬಿಟ್ಟು ಪುಟಿಯುವ ಸಂಭವ ಹೆಚ್ಚುತ್ತದೆ. ಹೀಗೆ ಎರಡು ಪರಿಹಾರಗಳಿಗೂ ಅವುಗಳದೇ ತೆರಿಗೆಯಿದೆ.

ಲೋಹ ಮತ್ತು ಕಾನೂನು

ಲೆಕ್ಕ ಸರಿಯಾದ ಮೇಲೂ ಲೋಹದ ಸ್ವಭಾವವನ್ನು ಮರೆಯಬಾರದು. ಹಳೆಯ ಲಾರಿಯ ಕಮಾನು ಪಟ್ಟಿಯಿಂದ ಕಮ್ಮಾರರು ಕುಡುಗೋಲು, ಮಚ್ಚುಗಳನ್ನು ಮಾಡುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡಬಹುದು. ಕಮ್ಮಾರನು ಪಟ್ಟಿಯನ್ನು ಕಾಯಿಸಿ ಬಡಿದು, ಕೊನೆಗೆ ನೀರಿಗೆ ಅಥವಾ ಎಣ್ಣೆಗೆ ಅದ್ದಿ ಮತ್ತೆ ಹದ ಕೊಡುತ್ತಾನೆ. ಸ್ಪ್ರಿಂಗಿನ ಶಕ್ತಿಯೆಲ್ಲ ಆ ಹದದಲ್ಲಿದೆ. ಕಾರನ್ನು ತಗ್ಗಿಸಲೆಂದು ಸುರುಳಿಯನ್ನು ಬೆಂಕಿಯಿಂದ ಕಾಯಿಸಿ ಕುಸಿಯಬಿಡುವುದು, ಪಟ್ಟಿಗೆ ತುಂಡು ಬೆಸೆಯುವುದು ಇವೆಲ್ಲ ಹದವನ್ನು ಕೆಡಿಸುತ್ತವೆ. ಅಂಥ ಸ್ಪ್ರಿಂಗು ಅಂದೇ ಮುರಿಯದೆ ಇರಬಹುದು. ಸಾವಿರಾರು ಸಲ ಬಾಗಿ ದಣಿದ ಮೇಲೆ, ಬೆಸುಗೆಯ ಪಕ್ಕದಲ್ಲಿ ಮುರಿಯುತ್ತದೆ.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೂಲತಃ ನಿರ್ದೇಶಿಸಿದ ಮತ್ತು ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಬದಲಾವಣೆಗೆ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ.

ಒಂದು ಎರವಲು ಭಾಗವನ್ನು ಕೈಯಲ್ಲಿ ಹಿಡಿದಾಗ ಕೇಳಬೇಕಾದ ಪ್ರಶ್ನೆಗಳು ಇವು: ಹೊಸ ಮನೆಯಲ್ಲಿ ಇದರ ಮೇಲೆ ಎಷ್ಟು ಭಾರ ಬೀಳುತ್ತದೆ? ಸನ್ನೆಯ ಯಾವ ಜಾಗದಲ್ಲಿ ಇದು ಕೂರುತ್ತದೆ? ಇದರ ತೂಗಾಟವನ್ನು ತಣಿಸುವವರು ಯಾರು? ಇದು ಬಂದ ಮೇಲೆ ಗಾಲಿ ಯಾವ ದಾರಿಯಲ್ಲಿ ಏರಿಳಿಯುತ್ತದೆ? ಹಳೆಯ ಮನೆಯಲ್ಲಿ ಇದು ಮಾಡುತ್ತಿದ್ದ ಇನ್ನೊಂದು ಕೆಲಸ ಯಾವುದು? ಐದಕ್ಕೂ ಸಂಖ್ಯೆಯಲ್ಲಿ ಇಲ್ಲವೆ ನಕ್ಷೆಯಲ್ಲಿ ಉತ್ತರ ದೊರೆತ ಮೇಲೆ ಪಾನಾ ಹಿಡಿಯಬಹುದು. ಒಂದಕ್ಕೆ ಉತ್ತರ ದೊರೆಯದಿದ್ದರೂ ಆ ಭಾಗವನ್ನು ಕಪಾಟಿನಲ್ಲಿಯೇ ಇಟ್ಟು, ಅಳತೆಪಟ್ಟಿಯನ್ನೂ ಎರಡು ಅಕ್ಕಿಯ ಚೀಲಗಳನ್ನೂ ಮೊದಲು ತರಿಸುವುದು ಲೇಸು.